ಅರ್ಧಕ್ಕೆ ನಿಲ್ಲುತ್ತಿದ್ದ ಪ್ರಾರ್ಥನೆ

ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಬಂತೆಂದರೆ ಸಿಸ್ಟರ್ ಆದ ನನ್ನ ಬಳಿ ಇಂಥವರು ಒಬ್ಬರಾದರೂ ಬರುತ್ತಾರೆ. ಪಾಪನಿವೇದನೆ ಆಗಿರುತ್ತದೆ, ಫಾದರ್ ಕ್ಷಮೆಯ ಮಾತನ್ನೂ ಹೇಳಿರುತ್ತಾರೆ. ಆದರೂ ಅದೇ ಪಾಪ ಹೊತ್ತು ಇನ್ನೊಂದು ಚರ್ಚಿಗೆ ಹೋಗಿರುತ್ತಾರೆ.

ಇವರು ಮಂಡ್ಯ ಕಡೆಯವರು, ಅರವತ್ತು ದಾಟಿದೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದಾಗ ರೈತರಿಗೆ ತೂಕದಲ್ಲಿ ಹೊಡೆದಿದ್ದರು. ಈಗ ಮಗಳಿಗೆ ಕಿಡ್ನಿ ತೊಂದರೆ. "ಮಾಡಿದ್ದುಣ್ಣೋ ಮಾರಾಯ ಅಂತಾರೆ. ಮಾಡಿದೋನು ನಾನು, ಉಣ್ತಿರೋಳು ನನ್ ಮಗ್ಳು, ಸಿಸ್ಟರ್." ಹಳೆಯದನ್ನು ಮರೆತುಬಿಡಿ ಎಂದುಬಿಟ್ಟೆ. ಎದ್ದು ಹೋದರು. ತಪ್ಪು ನನ್ನದೇ, ಮರೆಯಲಾಗದ್ದಕ್ಕೇ ಅಲ್ಲವೇ ಅವರು ಮೈಸೂರಿನವರೆಗೆ ಬಸ್ಸು ಹತ್ತಿ ಬಂದದ್ದು?

ಮೂರನೇ ಸಲ ಬಂದಾಗ, ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಮುಂಚೆ ಎಲ್ಲರೂ ಹೇಳುವ ಪ್ರಾರ್ಥನೆಯನ್ನು ಹೇಳಿಸಿದೆ. "ಯೋಗ್ಯನಲ್ಲ" ಎಂಬಲ್ಲಿಗೆ ನಿಲ್ಲಿಸಿದರು.

"ಅಷ್ಟೇ ಹೇಳೋದು. ಮಿಕ್ಕಿದ್ದು ಬಾಯಿಗೆ ಬರಾಕಿಲ್ಲ."

ಮಿಕ್ಕಿದ್ದೆಂದರೆ, ನೀವು ಒಂದು ಮಾತು ಹೇಳಿದರೆ ಸಾಕು, ಗುಣವಾಗುತ್ತೇನೆ ಎಂಬುದು. ಆಳಿನ ಕಾಯಿಲೆಗಾಗಿ ಯೇಸುವಿನ ಮುಂದೆ ಬಂದ ರೋಮನ್ ಶತಾಧಿಪತಿಯ ಮಾತು ಅದು. ಪ್ರಸಾದದ ಸಾಲಿನಲ್ಲಿ ಹೋಗುವವರೆಲ್ಲ ಯೋಗ್ಯರಲ್ಲವೆಂದು ಹೇಳಿಕೊಂಡೇ ಎದ್ದು ಹೋಗುತ್ತಾರೆ. ಇವರು ಹನ್ನೊಂದು ವರ್ಷದಿಂದ ಬೆಂಚಿನಲ್ಲೇ.

"ದೇವರು ಏನು ಮಾಡಬೇಕು ಅಂತೀರಿ?"

"ನನ್ ತೂಕನ ಸರ್ಯಾಗಿ ಹಾಕ್ಬೇಕು."

ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಪೆಚ್ಚಾಗಿ ನಕ್ಕರು. ನಾನು ನಗಲಿಲ್ಲ. "ಸರಿಯಾಗಿ ಹಾಕಿದರೆ ನಾನೂ ಉಳಿಯಲ್ಲ, ನಿಮ್ಮ ಫಾದರೂ ಉಳಿಯಲ್ಲ" ಎಂದೆ. ಬೈಬಲಿನ 130ನೇ ಕೀರ್ತನೆಯಲ್ಲಿರುವುದೂ ಇದೇ.

"ಫಾದರೂನಾ?"

ಅವತ್ತೇ ಮೊದಲು ಮುಖ ಎತ್ತಿ ನನ್ನನ್ನು ನೋಡಿದ್ದು.

ಆಮೇಲಿನದು ಬೇಗ ಆಯಿತು. ಇನ್ನುಮುಂದೆ ಯಾವಾಗಲೂ ಒಬ್ಬರೇ ಫಾದರ್ ಬಳಿ ಹೋಗಿ, ಕ್ಷಮೆ ಸಿಕ್ಕ ಪಾಪವನ್ನು ಮತ್ತೆ ತೋಡಬೇಡಿ ಎಂದೆ. ಯೇಸುಸಭೆ ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ಸರನ್ನೂ, ಪಾಪವನ್ನು ಪೂರ್ತಿ ಹೇಳಿದೆನೋ ಇಲ್ಲವೋ ಎಂಬ ಇಂಥದೇ ಸಂಶಯ ಬಹಳ ಕಾಡಿತ್ತು. ನಿದ್ದೆಗೆಟ್ಟಿದ್ದಕ್ಕೆ ಮನೋವೈದ್ಯರ ಬಳಿ ಕಳಿಸಿದೆ. ಹುಟ್ಟುಕುರುಡನ ವಿಷಯದಲ್ಲಿ ಯೇಸು, ಇವನೂ ಪಾಪ ಮಾಡಿಲ್ಲ ಇವನ ತಂದೆತಾಯಿಯೂ ಮಾಡಿಲ್ಲ ಎಂದದ್ದನ್ನು ಎರಡು ಸಲ ಓದಿಸಿದೆ. ಕೊನೆಗೆ, ನೆನಪಿರುವ ಮನೆಗಳಿಗೆ ಕೈಲಾದಷ್ಟು ಹಣ ಹಿಂದಿರುಗಿಸಿ, ಆದರೆ ಅದು ತೀರಲೆಂದು ಪ್ರಸಾದಕ್ಕೆ ಕಾಯಬೇಡಿ ಎಂದೆ.

ಜೊತೆಯ ಸಿಸ್ಟರೊಬ್ಬರು ಆಕ್ಷೇಪಿಸಿದರು: ಕರುಣೆ ಬಿಟ್ಟಿ ಅಂತೀಯ, ದುಡ್ಡೂ ಕೊಡಿಸ್ತೀಯ! ಆದರೆ ಬೈಬಲಿನ ಜಕ್ಕಾಯನ ಕತೆಯಲ್ಲಿ ಯಾವುದು ಮೊದಲು? ಅತ್ತಿಮರದಲ್ಲಿದ್ದ ಸುಂಕದವನಿಗೆ ಯೇಸು "ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಇರ್ತೀನಿ" ಎಂದಾಗ ಅವನಿನ್ನೂ ಒಂದು ಕಾಸೂ ಹಿಂದಿರುಗಿಸಿರಲಿಲ್ಲ. ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದದ್ದು ಆಮೇಲೆ. ಕ್ಷಮೆ ಸಿಕ್ಕರೂ ಕದ್ದದ್ದನ್ನು ಹಿಂದಿರುಗಿಸಬೇಕೆಂದೇ ಕಥೋಲಿಕ ಧರ್ಮಸಭೆಯೂ ಹೇಳುತ್ತದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಈಸ್ಟರ್ ಕಳೆದ ಮೇಲೆ ಫೋನ್ ಬಂತು. ಎರಡು ಮನೆಗೆ ಹೋಗಿದ್ದರಂತೆ. ಒಂದರಲ್ಲಿ ಬಾಯಿಗೆ ಬಂದಂತೆ ಬೈದು ದುಡ್ಡು ಇಸಿದುಕೊಂಡರು. ಇನ್ನೊಂದರಲ್ಲಿ ರೈತ ತೀರಿಕೊಂಡಿದ್ದ. ಮಗ ದುಡ್ಡು ಮುಟ್ಟದೆ, ಕಾಫಿ ಕೊಟ್ಟು, ಹೊರಡುವಾಗ ಎರಡು ಅಚ್ಚು ಬೆಲ್ಲ ಕೈಗಿಟ್ಟ.

"ಆ ಬೆಲ್ಲ ನಾನು ತಿನ್ನಬೌದಾ, ಸಿಸ್ಟರ್?"