ಹಲ್ಲು ಕೀಳಿಸಲು ಎಕೋಸ್ಪ್ರಿನ್ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಎಕೋಸ್ಪ್ರಿನ್ 75 ದಿನಕ್ಕೊಂದು, ಟಿಕಾಗ್ರೆಲಾರ್ 90 ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳುತ್ತಾರೆ. ಈಗ ದವಡೆ ಹಲ್ಲು ಹುಳುಕಾಗಿ ಕೀಳಿಸಲೇಬೇಕಾಗಿದೆ. ಹಾಗೇ ಕೀಳಿಸಿದರೆ ರಕ್ತ ನಿಲ್ಲುವುದಿಲ್ಲ, ಒಂದು ವಾರ ಎರಡೂ ಮಾತ್ರೆ ಬಿಟ್ಟುಬಿಡಿ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ಬಿಡಬಹುದೇ?
– ದಾವಣಗೆರೆಯ ಓದುಗರು

ಉತ್ತರ: ಬಿಡಬೇಡಿ. ನೆಂಟರ ಕಾಳಜಿ ನಿಜವಾದದ್ದೇ, ಆದರೆ ಈ ಸಲಹೆ ಜೀವಕ್ಕೆ ಅಪಾಯ ತರುವಂಥದ್ದು.

ಸ್ಟೆಂಟ್ ಅಂದರೆ ಹೃದಯದ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ಅದರ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳಿಗೆ ಆ ಲೋಹ ಪರಕೀಯ ವಸ್ತು. ಮಾತ್ರೆಯ ತಡೆ ಇಲ್ಲದಿದ್ದರೆ ಅದಕ್ಕೆ ಅಂಟಿಕೊಂಡು ಗಡ್ಡೆ ಕಟ್ಟುತ್ತವೆ, ಸ್ಟೆಂಟ್ ಒಮ್ಮೆಲೇ ಮುಚ್ಚಿಹೋಗಬಹುದು. ಮೊದಲ ಸಲದ ಅಟ್ಯಾಕ್‌ಗಿಂತ ಅದು ಕೆಟ್ಟದ್ದು. ಹಾರ್ಟ್ ಅಟ್ಯಾಕ್ ಆದವರಿಗೆ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ 12 ತಿಂಗಳು ಕೊಡುವುದು ಇದೇ ಕಾರಣಕ್ಕೆ. ನಿಮ್ಮ ತಂದೆ ಇನ್ನೂ ಅರ್ಧ ದಾರಿಯಲ್ಲಿದ್ದಾರೆ.

ಇನ್ನು ಹಲ್ಲಿನ ರಕ್ತದ ವಿಚಾರ. ಅದು ಕಣ್ಣಿಗೆ ಕಾಣುವ, ಬೆರಳಿನಿಂದ ಒತ್ತಿ ಹಿಡಿಯಬಹುದಾದ ಜಾಗ. ಮಾತ್ರೆ ನಡೆಯುತ್ತಿರುವಾಗಲೇ ಒಂದೆರಡು ಹಲ್ಲು ಕೀಳುವುದು ಈಗ ಮಾಮೂಲಿ. ಕೀಳುವ ಮೊದಲೇ ದಂತವೈದ್ಯರಿಗೆ ಮಾತ್ರೆಗಳ ಚೀಟಿ ತೋರಿಸಿ, ಅವರಿಂದಲೇ ಹೃದಯದ ಡಾಕ್ಟರಿಗೊಂದು ಫೋನ್ ಮಾಡಿಸಿ. ಬೆಳಗಿನ ಹೊತ್ತಿಗೇ ಸಮಯ ಕೇಳಿಕೊಳ್ಳಿ, ಸಂಜೆ ರಕ್ತ ಜಿನುಗಿದರೂ ಕ್ಲಿನಿಕ್ ತೆರೆದಿರುತ್ತದೆ. ಕಿತ್ತ ಮೇಲೆ ಹೊಲಿಗೆ ಹಾಕಿ, ಗಾಜ್ ಕಚ್ಚಿ ಅರ್ಧ ಗಂಟೆ ಕೂರಲು ಹೇಳುತ್ತಾರೆ. ಅಷ್ಟೂ ಹೊತ್ತು ಕಚ್ಚಿಕೊಂಡೇ ಇರಬೇಕು. ನಿಂತಿತೇ ಎಂದು ಐದೈದು ನಿಮಿಷಕ್ಕೆ ತೆಗೆದು ನೋಡುವವರಿಗೇ ರಕ್ತ ನಿಲ್ಲದಿರುವುದು. ಅವತ್ತು ಬಿಸಿ ಕಾಫಿ ಬೇಡ, ಬಾಯಿ ಮುಕ್ಕಳಿಸುವುದೂ ಬೇಡ. ಮರುದಿನದವರೆಗೂ ಉಗುಳು ಸ್ವಲ್ಪ ಕೆಂಪಗಿದ್ದರೆ ಗಾಬರಿಯಾಗಬೇಕಿಲ್ಲ. ಒತ್ತಿ ಹಿಡಿದರೂ ಬಾಯಿ ತುಂಬ ರಕ್ತ ಬರುತ್ತಿದ್ದರೆ ಮಾತ್ರ ತಡಮಾಡದೆ ಹೋಗಿ.

ನನಗೆ ಹಲ್ಲಿಗಿಂತ ಹೆಚ್ಚು ಚಿಂತೆ ಕೀಳಿಸಿದ ಮೇಲೆ ಬರೆದುಕೊಡುವ ಮಾತ್ರೆಗಳದು. ನೋವಿಗೆ ಕೆಟೊರೊಲ್ಯಾಕ್, ಡೈಕ್ಲೋಫೆನಾಕ್ ಬೇಡ, ಬರೀ ಪ್ಯಾರಾಸಿಟಮಾಲ್ ಕೊಡಿ ಎಂದು ಕೇಳಿ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಟಿಕಾಗ್ರೆಲಾರ್ ಜೊತೆಗೆ ಕೂಡದು. ಅದು ರಕ್ತದಲ್ಲಿ ಟಿಕಾಗ್ರೆಲಾರ್ ಪ್ರಮಾಣವನ್ನು ಏರಿಸಿಬಿಡುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಎಕೋಸ್ಪ್ರಿನ್‌ನಲ್ಲಿರುವ ಆಸ್ಪಿರಿನ್ ಒಂದು ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡಿದರೆ ಅದರ ಆಯುಸ್ಸು ಮುಗಿಯುವವರೆಗೆ, ಅಂದರೆ 7ರಿಂದ 10 ದಿನ, ಬಿಡುವುದಿಲ್ಲ. ಟಿಕಾಗ್ರೆಲಾರ್ ಹಾಗಲ್ಲ, ಅದರ ಪ್ರಭಾವ ಒಂದೆರಡು ದಿನದಲ್ಲೇ ಇಳಿಯುತ್ತ ಹೋಗುತ್ತದೆ. ಅದಕ್ಕೇ ದಿನಕ್ಕೆ ಎರಡು ಸಲ. ಮದುವೆ ಮನೆಗೆ ಹೋದಾಗ ರಾತ್ರಿಯ ಮಾತ್ರೆ ಊರಿನಲ್ಲೇ ಉಳಿಯುವುದು ನಮ್ಮಲ್ಲಿ ಸಾಮಾನ್ಯ. ಜೇಬಿನಲ್ಲೊಂದು ಸ್ಟ್ರಿಪ್ ಇರಲಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿನದನ್ನು ಅದರ ಸಮಯಕ್ಕೆ ತೆಗೆದುಕೊಳ್ಳಲಿ, ಎರಡನ್ನು ಒಟ್ಟಿಗೆ ನುಂಗಬಾರದು. ಈ ಮಾತ್ರೆಯಿಂದ ಕೆಲವರಿಗೆ ಉಸಿರು ಸಾಲದಂತೆ ಅನಿಸುತ್ತದೆ. ಹಾಗಾದರೆ ತಾವೇ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ. ಮಾತ್ರೆಯಿಂದಲೇ ಎಂದಾದರೆ ಬೇರೆಯದಕ್ಕೆ ಬದಲಿಸಿಕೊಡುತ್ತಾರೆ.

ಪ್ರಶ್ನೆ: ನನಗೆ 48. ಹೃದಯದ ತೊಂದರೆ ಇಲ್ಲ, ಬಿಪಿ ಸ್ವಲ್ಪ ಇದೆ. ನಮ್ಮ ಕಡೆ ಹಾರ್ಟ್ ಅಟ್ಯಾಕ್ ಸುದ್ದಿ ಜೋರಾದಾಗಿನಿಂದ ಅಕ್ಕಪಕ್ಕದವರೆಲ್ಲ ಅರ್ಧ ಎಕೋಸ್ಪ್ರಿನ್ ತೆಗೆದುಕೊಳ್ಳುತ್ತಿದ್ದಾರೆ. ನಾನೂ ಶುರು ಮಾಡಲೇ?
– ಹಾಸನದ ಗೃಹಿಣಿ

ಉತ್ತರ: 2025ರ ಜೂನ್, ಜುಲೈನಲ್ಲಿ ಹಾಸನದ ಸುದ್ದಿ ಕೇಳಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿದೆ. ಭಯ ಅರ್ಥವಾಗುತ್ತದೆ, ಮಾತ್ರೆ ಮಾತ್ರ ಬೇಡ.

ಅಟ್ಯಾಕ್, ಸ್ಟ್ರೋಕ್ ಅಥವಾ ಸ್ಟೆಂಟ್ ಆದವರಿಗೆ ಆಸ್ಪಿರಿನ್‌ನಿಂದ ಆಗುವ ಲಾಭ ದೊಡ್ಡದು, ಅಪಾಯ ಚಿಕ್ಕದು. ಏನೂ ಆಗದವರಲ್ಲಿ ಈ ಲೆಕ್ಕ ಹಾಗೆ ಕೂಡಿಬರುವುದಿಲ್ಲ. 2018ರಲ್ಲಿ ಪ್ರಕಟವಾದ ‘ಆಸ್ಪ್ರೀ’ ಅಧ್ಯಯನದಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ 19,000ಕ್ಕೂ ಹೆಚ್ಚು ಆರೋಗ್ಯವಂತ ಹಿರಿಯರಲ್ಲಿ ಅರ್ಧದಷ್ಟು ಜನರಿಗೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದರು. ಆರೋಗ್ಯವಾಗಿ ಬದುಕುವ ಅವಧಿ ಹೆಚ್ಚಲಿಲ್ಲ, ಹೆಚ್ಚಿದ್ದು ಗಂಭೀರ ರಕ್ತಸ್ರಾವ. ನೀವು ಅವರಿಗಿಂತ ಚಿಕ್ಕವರು, ಒಪ್ಪಿದೆ. ಆದರೆ ಹತೋಟಿಯಲ್ಲಿಲ್ಲದ ಬಿಪಿಯ ಜೊತೆ ಆಸ್ಪಿರಿನ್ ಸೇರಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ ನಿಮ್ಮ ವಯಸ್ಸಿನಲ್ಲೂ ಇದೆ. ಆ ಮಾತ್ರೆಯ ಹಣದಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ, ಬಿಪಿ ಮಾತ್ರೆ ತಪ್ಪಿಸಬೇಡಿ.

ಅಂದಹಾಗೆ ಎಕೋಸ್ಪ್ರಿನ್ ಅರ್ಧ ಮಾಡುವ ಮಾತ್ರೆಯೇ ಅಲ್ಲ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲೆಂದೇ ಅದಕ್ಕೆ ಲೇಪ ಹಚ್ಚಿರುತ್ತಾರೆ. ಮುರಿದರೆ ಲೇಪವೂ ಹೋಯಿತು. ನಿಮ್ಮ ನೆರೆಯವರಲ್ಲಿ ಯಾರಿಗಾದರೂ ವೈದ್ಯರೇ ಬರೆದುಕೊಟ್ಟಿದ್ದರೆ, ಇದನ್ನು ಓದಿ ಅವರು ನಿಲ್ಲಿಸುವುದು ಬೇಡ.

ಪ್ರಶ್ನೆ: ಅಮ್ಮನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದಿತ್ತು. ಕ್ಲೊಪಿಡೊಗ್ರೆಲ್ 75 ನಡೆಯುತ್ತಿದೆ. ಗ್ಯಾಸ್ಟ್ರಿಕ್‌ಗೆ ಒಮೆಪ್ರಜೋಲ್, ಮಂಡಿನೋವಿಗೆ ಮೆಡಿಕಲ್‌ನಿಂದ ತಂದ ಮಾತ್ರೆ ಕೂಡ ತಗೋತಾರೆ. ಕೈಮೇಲೆ ಅಲ್ಲಲ್ಲಿ ನೀಲಿ ಕಲೆ ಕಾಣುತ್ತಿದೆ. ಭಯವೇ?
– ಶಿವಮೊಗ್ಗದ ಓದುಗರು

ಉತ್ತರ: ಮೊದಲು ಆ ಮಂಡಿನೋವಿನ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ‘ಬರೀ ಪ್ಯಾರಾಸಿಟಮಾಲ್ ಸಾರ್’ ಎಂದು ತೋರಿಸುವ ಎಷ್ಟೋ ಸ್ಟ್ರಿಪ್‌ಗಳಲ್ಲಿ ಅಸೆಕ್ಲೋಫೆನಾಕ್ ಜೊತೆಗಿರುತ್ತದೆ. ಹೆಸರಿನ ಕೊನೆಗೆ ಒಂದು ‘ಪಿ’ ಅಥವಾ ‘ಪ್ಲಸ್’ ಇದ್ದರೆ ಅನುಮಾನಪಡಿ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು, ರಕ್ತ ಗಡ್ಡೆ ಕಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಸಾಧ್ಯತೆ ಹೆಚ್ಚು. ಐಬುಪ್ರೊಫೆನ್‌ಗೆ ಇನ್ನೊಂದು ಕೆಟ್ಟ ಗುಣವಿದೆ: ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಅದರ ಕೆಲಸಕ್ಕೇ ಅಡ್ಡ ಬರುತ್ತದೆ.

ಒಮೆಪ್ರಜೋಲ್ ಬದಲಿಸಿ ಕೊಡಲು ಡಾಕ್ಟರನ್ನು ಕೇಳಿ. ಕ್ಲೊಪಿಡೊಗ್ರೆಲ್ ನುಂಗಿದ ರೂಪದಲ್ಲೇ ಕೆಲಸ ಮಾಡುವುದಿಲ್ಲ. ಲಿವರ್‌ನ ಒಂದು ಕಿಣ್ವ ಅದನ್ನು ಸಿದ್ಧಗೊಳಿಸಬೇಕು, ಒಮೆಪ್ರಜೋಲ್ ಆ ಕಿಣ್ವವನ್ನೇ ತಡೆಯುತ್ತದೆ. ಇಂಥವರಿಗೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಬರೆಯುತ್ತೇವೆ.

ಮುಂಗೈಯ ಸಣ್ಣ ನೀಲಿ ಕಲೆ ಈ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಸಹಜ. ನೀವು ಕಣ್ಣಿಡಬೇಕಾದದ್ದು ಮಲದ ಬಣ್ಣದ ಮೇಲೆ. ಡಾಂಬರಿನಂತೆ ಕಪ್ಪಗೆ, ಜಿಗುಟಾಗಿ, ಕೆಟ್ಟ ವಾಸನೆಯಿದ್ದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆ ಎಂದೇ ತಿಳಿದು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ. ತಲೆಗೆ ಪೆಟ್ಟು ಬಿದ್ದರೆ, ಗಾಯ ಕಾಣದಿದ್ದರೂ ತೋರಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ ಪರೀಕ್ಷೆ ಮಾಡುವವರಿಗೆ ಈ ಮಾತ್ರೆಯ ಹೆಸರು ಮೊದಲೇ ತಿಳಿಸಿ. ಪ್ಲೇಟ್‌ಲೆಟ್ ಇಳಿದಾಗ ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ಅವರು ದಿನದಿನವೂ ನೋಡಿ ಹೇಳಬೇಕಾಗುತ್ತದೆ.

ಪ್ರಶ್ನೆ: ತುರ್ತಿಗೆಂದು ಮನೆಯಲ್ಲಿ ಆಸ್ಪಿರಿನ್ ಇಟ್ಟುಕೊಂಡಿದ್ದೇವೆ. ಎದೆನೋವಿಗೂ ಸ್ಟ್ರೋಕ್‌ಗೂ ಕೊಡಬಹುದೇ?
– ವಿಜಯಪುರದ ಓದುಗರು

ಉತ್ತರ: ಎದೆನೋವಿಗೆ ಹೌದು, ಸ್ಟ್ರೋಕ್‌ಗೆ ಖಂಡಿತ ಇಲ್ಲ.

ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ ಮೊದಲು 108ಕ್ಕೆ ಕರೆ ಮಾಡಿ. ಆಮೇಲೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್, ಅಂದರೆ 75ರ ನಾಲ್ಕು ಅಥವಾ 150ರ ಎರಡು ಮಾತ್ರೆ, ನುಂಗದೆ ಅಗಿಯಲು ಕೊಡಿ. ಆಸ್ಪಿರಿನ್ ಅಲರ್ಜಿ ಇರುವವರಿಗೆ, ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ ಬೇಡ. ಕೊಟ್ಟಿದ್ದನ್ನು ಆಸ್ಪತ್ರೆಯಲ್ಲಿ ಹೇಳಿ.

ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದರೆ ಬಾಯಿಗೆ ಮಾತ್ರೆ, ನೀರು ಏನನ್ನೂ ಹಾಕಬೇಡಿ. ರಕ್ತನಾಳ ಮುಚ್ಚಿದ್ದೋ ಒಡೆದದ್ದೋ ಎನ್ನುವುದು ಸಿಟಿ ಸ್ಕ್ಯಾನ್ ಮಾಡುವವರೆಗೆ ನಮಗೂ ಗೊತ್ತಾಗುವುದಿಲ್ಲ, ಒಡೆದಿದ್ದರೆ ಆಸ್ಪಿರಿನ್ ವಿಷವಾಗುತ್ತದೆ. ಮುಚ್ಚಿದ್ದಾದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಆದ್ದರಿಂದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ, ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಂಡು ಹೋಗಿ.