ಆಮೆಗಾಗಿ ಆಡುಗಳನ್ನು ಕೊಲ್ಲಬೇಕಿತ್ತೇ?

ಪ್ರಶ್ನೆ: ನಮ್ಮದು ಕುರಿ, ಆಡು ಸಾಕುವ ಮನೆತನ. ಗಲಾಪಗೋಸ್ ದ್ವೀಪಗಳಲ್ಲಿ ಆಮೆಗಳನ್ನು ಉಳಿಸುವ ಸಲುವಾಗಿ ಲಕ್ಷಕ್ಕೂ ಹೆಚ್ಚು ಆಡುಗಳನ್ನು ಗುಂಡಿಕ್ಕಿ ಕೊಂದು, ಮಾಂಸವನ್ನೂ ಅಲ್ಲಿಯೇ ಕೊಳೆಯಲು ಬಿಟ್ಟರೆಂದು ಓದಿದೆ. ಇದು ಸಂರಕ್ಷಣೆಯೇ?
– ಓದುಗರೊಬ್ಬರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ತಾವು ಓದಿದ್ದು ನಿಜ. ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1,000 ಕಿ.ಮೀ. ದೂರದಲ್ಲಿರುವ ಈ ದ್ವೀಪಗಳಲ್ಲಿ 1997ರಿಂದ 2006ರವರೆಗೆ ನಡೆದ ಇಸಬೆಲಾ ಯೋಜನೆಯಲ್ಲಿ 1,40,000ಕ್ಕೂ ಹೆಚ್ಚು ಆಡುಗಳನ್ನು ಕೊಲ್ಲಲಾಯಿತು.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ತಮಗೆ ವಿವರಿಸಬೇಕಾಗಿಲ್ಲ. ನಮ್ಮ ಸೀಮೆಯ ಕರಿಜಾಲಿ, ಬಾರಿ ಗಿಡಗಳು ಮೇಯುವ ಬಾಯಿಗಳ ನಡುವೆಯೇ ಮುಳ್ಳು ಬಿಟ್ಟುಕೊಂಡು ಬಾಳಿದಂಥವು. ಅಲ್ಲಿಯ ಗಿಡಗಳಿಗೆ ಮನುಷ್ಯರು ಬರುವವರೆಗೆ ಆಡಿನ ಪರಿಚಯವೇ ಇರಲಿಲ್ಲ. 1959ರಲ್ಲಿ ಮೀನುಗಾರರು ಪಿಂಟಾ ದ್ವೀಪದಲ್ಲಿ ಬಿಟ್ಟುಹೋದ ಮೂರೇ ಆಡುಗಳು ಹದಿನೈದು ವರ್ಷ ತುಂಬುವಷ್ಟರಲ್ಲಿ ಹತ್ತಾರು ಸಾವಿರವಾದವು. ನಾವಿಕರು ಆಹಾರಕ್ಕಾಗಿ ಹೊತ್ತೊಯ್ದು ಮೊದಲೇ ಬರಿದಾಗಿಸಿದ್ದ ಆ ದ್ವೀಪದಲ್ಲಿ 1971ರಲ್ಲಿ ಕಂಡದ್ದು ಒಂದೇ ಒಂದು ಗಂಡು ಆಮೆ. ಒಂಟಿ ಜಾರ್ಜ್ ಎಂದು ಹೆಸರಾದ ಅದು 2012ರಲ್ಲಿ ಸತ್ತಾಗ ಆ ತಳಿಯೇ ಮುಗಿಯಿತು. ಇಸಬೆಲಾ ದ್ವೀಪದ ಆಲ್ಸೆಡೊ ಬೆಟ್ಟದ ಮೇಲೆ ಮಂಜು ಮರದೆಲೆಗಳಿಗೆ ತಾಗಿ ಹನಿಹನಿಯಾಗಿ ಇಳಿದು ಕಟ್ಟುತ್ತಿದ್ದ ಹೊಂಡಗಳೇ ಮಳೆಯಿಲ್ಲದ ಕಾಲದಲ್ಲಿ ಆಮೆಗಳಿಗೆ ನೀರಿನಾಸರೆ. ಆಡುಗಳು ಮರಗಳನ್ನು ಬೋಳಿಸಿದ ಮೇಲೆ ಮಂಜು ಬಂದರೂ ಹೊಂಡ ತುಂಬಲಿಲ್ಲ.

ಬಂದೂಕಿಗೆ ಸಿಕ್ಕವು ಮುಗಿದ ಮೇಲೆ, ಬಂಡೆಗಳ ಸಂದಿಯಲ್ಲಿ ಉಳಿದ ಕೆಲವನ್ನು ಹುಡುಕುವುದೇ ಕಷ್ಟವಾಯಿತು. ಆಡು ಒಂಟಿಯಾಗಿ ಇರಲಾರದು. ಹಿಂಡು ತಪ್ಪಿದ ಮರಿ ಹೇಗೆ ಒರಲುತ್ತದೆಂದು ತಾವು ಬಲ್ಲಿರಿ. ಆ ಗುಣವನ್ನೇ ಹಿಡಿದು, ಕೆಲವು ಆಡುಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಟ್ಟರು. ಅವು ತಮ್ಮವರನ್ನು ಅರಸಿ ಹೋದಲ್ಲಿಗೆ ಬೇಟೆಗಾರರು ಹೆಲಿಕಾಪ್ಟರಿನಲ್ಲಿ ಬಂದು, ಉಳಿದವನ್ನು ಕೊಂದು, ಪಟ್ಟಿ ಕಟ್ಟಿದ್ದನ್ನು ಮತ್ತೆ ಹುಡುಕಲು ಬಿಡುತ್ತಿದ್ದರು. ಕೇಳಲು ಕ್ರೂರವೇ ಸರಿ. ಆದರೆ ಒಂದು ಜೋಡಿ ಉಳಿದರೂ ಸಂತತಿ ಮತ್ತೆ ಬೆಳೆಯುತ್ತಿದ್ದುದರಿಂದ ಅರ್ಧಕ್ಕೆ ನಿಲ್ಲಿಸಿದ್ದರೆ ಮೊದಲ ಸಾವುಗಳೂ ವ್ಯರ್ಥವಾಗುತ್ತಿದ್ದವು. ಹಾಗಾಗಿ ಅದು ಸರಿಯೆಂದೇ ನನ್ನ ಅಭಿಪ್ರಾಯ.

ಮಾಂಸದ ಮಾತು: ದಾರಿಯೇ ಇಲ್ಲದ ಲಾವಾ ನೆಲದಿಂದ ಅದನ್ನು ಸಾಗಿಸುವುದು ದುಸ್ತರ, ಅಲ್ಲದೆ ಆಡುಗಳು ಆ ಮಣ್ಣಿನಿಂದ ಹೀರಿದ ಸಾರ ಅಲ್ಲಿಗೇ ಮರಳಲೆಂಬ ಉದ್ದೇಶವೂ ಇತ್ತು.

ಎಸ್ಪನೋಲಾ ದ್ವೀಪದಲ್ಲಿ ಆಡುಗಳು 1978ರಲ್ಲಿಯೇ ಮುಗಿದಿದ್ದವು. ಅಲ್ಲಿ ಉಳಿದಿದ್ದ 14 ಆಮೆಗಳನ್ನೂ ಅಮೆರಿಕದ ಮೃಗಾಲಯವೊಂದರಿಂದ ತಂದ ಒಂದು ಗಂಡನ್ನೂ ಸಾಂತಾಕ್ರೂಸ್ ದ್ವೀಪದಲ್ಲಿ ಸಾಕಿ, ಅವುಗಳ ಮರಿಗಳನ್ನು ಬೆಳೆಸಿ ತವರಿಗೆ ಬಿಡುತ್ತ ಬಂದರು. 2020ರ ಜೂನ್‌ನಲ್ಲಿ ಆ 15 ಹಿರಿಯ ಆಮೆಗಳೂ ಎಸ್ಪನೋಲಾಗೆ ಮರಳಿದವು.