ಕತೆ ಹಾಗಿರಲಿ, ಮೊದಲು ಕೆಲಸ ಹಚ್ಚಿ

ಪ್ರಶ್ನೆ: ಅಕ್ಕಾ, ಸೊರಬದ ಕಡೆಯ ಹಳ್ಳಿಯಿಂದ ಅತ್ತೆಯನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬಂದಿದ್ದೇವೆ. ಎಪ್ಪತ್ತು ದಾಟಿದೆ, ಕೈ ಸ್ವಲ್ಪ ನಡುಗುತ್ತದೆ. ಒಂದು ಕಾಲಕ್ಕೆ ಮದುವೆ ಮನೆಗಳಲ್ಲಿ ಗೋಡೆಗೆ ಹಸೆ ಚಿತ್ತಾರ ಬರೆಯಲು ಅವರನ್ನೇ ಕರೆಯುತ್ತಿದ್ದರಂತೆ. ಈಗ ಇಡೀ ದಿನ ಟಿ.ವಿ. ಮುಂದೆ. ಒಂಬತ್ತು ವರ್ಷದ ಮಗನಿಗೆ ಮೊಬೈಲೇ ಪ್ರಪಂಚ. ‘ಅಜ್ಜಿ ಹತ್ರ ಕತೆ ಕೇಳೋ’ ಅಂದರೆ ಎರಡು ನಿಮಿಷ ಕೂತು ಎದ್ದು ಓಡುತ್ತಾನೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ‘ಕೂತು ಮಾತಾಡು’ ಅಂದರೆ ಯಾವ ಹುಡುಗ ಮಾತಾಡುತ್ತಾನೆ ಹೇಳಿ? ಅವನಿಗೆ ಅದೂ ಒಂದು ಹೋಮ್‌ವರ್ಕು. ಹಸೆ ಬರೆದ ಕೈ ಮನೆಯಲ್ಲೇ ಇದೆ, ಗದ್ದೆಗೆ ಹೋಗಿ ಭೂಮಿತಾಯಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹತ್ತಿರ ಬಂತು. ಪೂಜೆಯ ಎಡೆ ಹೊರಲು ಚಿತ್ತಾರ ಬರೆದು ಸಿಂಗರಿಸುವ ಭೂಮಣ್ಣಿ ಬುಟ್ಟಿಯನ್ನು ಈ ಸಲ ಅವರಿಬ್ಬರ ಪಾಲಿಗೆ ಬಿಡಿ. ವಿಜಯದಶಮಿಯಿಂದ ಹುಣ್ಣಿಮೆಗೆ ಐದೇ ದಿನ. ಅಷ್ಟರಲ್ಲಿ ಮುಗಿಯಲೇಬೇಕು ಅನ್ನುವ ತರಾತುರಿ ಇದೆಯಲ್ಲ, ಅದು ಇಬ್ಬರನ್ನೂ ಎಬ್ಬಿಸುತ್ತದೆ.

ಮೇದಾರರ ಹತ್ತಿರ ಬಿದಿರಿನ ಬುಟ್ಟಿ ತನ್ನಿ, ದೊಡ್ಡದೊಂದು, ಚಿಕ್ಕದೊಂದು. ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚುವ ಕೆಲಸ ಹುಡುಗನದು. ಅಂಗಿ ಹಾಳಾಗುತ್ತದೆ, ಹಳೇದು ಹಾಕಿ. ಬಿಳಿಗೆ ನೆನೆಸಿದ ಅಕ್ಕಿ ನುಣ್ಣಗೆ ರುಬ್ಬಿ. ಕಪ್ಪು ಬೇಕಿದ್ದರೆ ಅಕ್ಕಿ ಕರಕಲಾಗುವಂತೆ ಹುರಿದು ಅರೆಯಬೇಕು. ಹಳದಿ ಬಣ್ಣ ಕೊಡುವ ‘ಗುರಿಗೆ’ ಎಂಬ ಕಾಯಿ ಪೇಟೆಯಲ್ಲಿ ಸಿಗದಿದ್ದರೆ ಬಿಡಿ, ಬಿಳಿಯೊಂದೇ ಸಾಕು. ಅಂಗಡಿಯ ಬ್ರಷ್ಷು ಮಾತ್ರ ಬೇಡ. ಪುಂಡಿ ನಾರಿನ ತುದಿ ಜಜ್ಜಿ ಕುಂಚ ಮಾಡುವುದನ್ನು ಅತ್ತೆ ತೋರಿಸಲಿ. ಹಿಟ್ಟು ನೀರಾದರೆ ಇಳಿದುಹೋಗುತ್ತದೆ, ಗಟ್ಟಿಯಾದರೆ ಒಣಗಿ ಉದುರುತ್ತದೆ. ಆ ಹದ ಅವರ ಬೆರಳಿಗೇ ಗೊತ್ತು, ಯೂಟ್ಯೂಬಿಗಲ್ಲ.

ನಡುಗುವ ಕೈಯಲ್ಲಿ ಉದ್ದ ಎಳೆ ನೆಟ್ಟಗೆ ಬರುವುದಿಲ್ಲ. ಅವರು ಚುಕ್ಕಿ ಇಟ್ಟು ಎಲ್ಲಿಂದ ಎಲ್ಲಿಗೆ ಅಂತ ಹೇಳಲಿ, ಇವನು ಎಳೆಯಲಿ. ಹಾಗಂತ ‘ಮಗನಿಗೆ ಕಲಿಸಿ’ ಅಂತ ಕೇಳಬೇಡಿ. ‘ಬುಟ್ಟಿ ಆಗಬೇಕು ಅತ್ತೆ, ನನ್ನ ಕೈಲಾಗಲ್ಲ’ ಅನ್ನಿ, ಸುಳ್ಳೇನೂ ಅಲ್ಲವಲ್ಲ!

ಬುಟ್ಟಿಯ ಮೈ ದುಂಡಗೆ, ಎಳೆ ಸೊಟ್ಟಗಾಗುತ್ತದೆ, ಅತ್ತೆ ಬೈಯುತ್ತಾರೆ. ಬೈಯಲಿ. ನೀವು ನಡುವೆ ಬಾಯಿ ಹಾಕಬೇಡಿ. ಒರೆಸಲು ಹೋದರೆ ಕೆಮ್ಮಣ್ಣೂ ಎದ್ದು ಬರುತ್ತದೆ, ಮತ್ತೆ ಹಚ್ಚಿ ಒಣಗುವ ತನಕ ಕಾಯಬೇಕು. ನೀವು ಕೇಳಿದ ಕತೆ ಇದೆಯಲ್ಲ, ಅದು ಹೊರಗೆ ಬರುವುದು ಆ ಹೊತ್ತಿನಲ್ಲೇ. ಯಾರ ಮದುವೆಯ ಗೋಡೆ, ಯಾವ ಬಾಸಿಂಗದ ಚಿತ್ತಾರ ಕೆಟ್ಟು ಯಾರು ನಕ್ಕರು, ಎಲ್ಲ.

ಫೋಟೋ, ಸ್ಪರ್ಧೆ, ಸರ್ಟಿಫಿಕೇಟು ಅಂತ ಹೊರಡಬೇಡಿ. ಬುಟ್ಟಿ ಇರುವುದು ಗದ್ದೆಗೆ ಹೊರಲು. ಚರಗ, ಅಂದರೆ ಭೂಮಿತಾಯಿಯ ಎಡೆ, ಗದ್ದೆಗೆ ಚೆಲ್ಲುವುದು ಬೆಳಕು ಹರಿಯುವ ಮುಂಚೆ, ಆದ್ದರಿಂದ ಹಿಂದಿನ ದಿನವೇ ಊರು ಸೇರಿಕೊಳ್ಳಿ. ಬಸ್ಸಿನಲ್ಲಿ ಬುಟ್ಟಿ ಹುಡುಗನ ತೊಡೆ ಮೇಲಿರಲಿ. ಸೀಟಿನ ಕೆಳಗೆ ತಳ್ಳಿದರೆ ಬಣ್ಣ ಉಜ್ಜಿಹೋಗುತ್ತದೆ.